ಕತ್ತರಿಸಿ ಕೊಟ್ಟ ಮಾತ್ರೆ

ಹೋದ ವಾರ ಹಳೆಯ ಚಳಿಗಾಲದ ಕೋಟನ್ನು ದಾನದ ಪೆಟ್ಟಿಗೆಗೆ ಹಾಕುವ ಮುನ್ನ ಜೇಬು ತಡಕಿದೆ. ಬೆರಳಿಗೆ ಏನೋ ಚುಚ್ಚಿತು. ಮಾತ್ರೆಯ ಸ್ಟ್ರಿಪ್‌ನ ಒಂದು ತುಂಡು. ಕತ್ತರಿ ಆಡಿದ ಮೂಲೆ ಇಷ್ಟು ವರ್ಷವಾದರೂ ಚೂಪಾಗಿಯೇ ಇತ್ತು. ಔಷಧದ ಹೆಸರು ಅರ್ಧ ಹೋಗಿತ್ತು, ಅವಧಿಯ ತಾರೀಖು ಪೂರ್ತಿ ಹೋಗಿತ್ತು. ಕತ್ತರಿಸಿದವನು ನಾನೇ. ಯಾರಿಗಾಗಿ ಎಂಬುದೂ ತಕ್ಷಣ ನೆನಪಾಯಿತು...

ಆಕೆ ಜರ್ಮನಿಯ ಎರ್ಲಾಂಗೆನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದಳು. ಗದಗಿನ ಕಡೆಯ ಮುಸ್ಲಿಂ ಹೆಂಗಸು, ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದವಳು. ನಾನೂ ಮಗಳ ಮನೆಗೆ ಬಂದವನೇ. ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವನು, ಮುದುಕನಾಗುವವರೆಗೂ ಅಲ್ಲೇ ನಿಂತಿದ್ದೆ. ಜರ್ಮನ್ ಇಬ್ಬರಿಗೂ ಬರುತ್ತಿರಲಿಲ್ಲ. ಸಂಜೆ ಮಕ್ಕಳ ಮೈದಾನದ ಬೆಂಚಿನ ಮೇಲೆ ಕೂತು ನಮ್ಮ ಕಡೆಯ ಮಾತು ಆಡಿ ಹಗುರಾಗುತ್ತಿದ್ದೆವು. ಆಕೆ ನನಗೆ ಅಣ್ಣಾರ ಎನ್ನುತ್ತಿದ್ದಳು, ನಾನು ತಂಗಿ ಎನ್ನುತ್ತಿದ್ದೆ.

ಆಕೆಯ ಮಗಳು ಇಲ್ಲಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. "ಹಗಲೆಲ್ಲ ಹುಳಕ್ಕ ವಿಷಾ ಹಾಕ್ತಾಳ್ರೀ ಅಣ್ಣಾರ, ಸಂಜಿಕ ಯಾವ್ಯಾವು ಸತ್ತಿಲ್ಲ ಅಂತ ನೋಡಿ ಬರ್ತಾಳ. ಮದವಿ ಮಾತ ಎತ್ತಿದ್ರ, ಹುಳಾ ಕಾಯಾಕತ್ತಾವು ಅಂತ ಎದ್ದು ಹೋಗ್ತಾಳ," ಎಂದು ತಾಯಿ ನಗುತ್ತಿದ್ದಳು.

ಊರಿಂದ ಬರುವಾಗ ನನ್ನ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆ ಆಂಟಿಬಯಾಟಿಕ್ ಇದ್ದೇ ಇರುತ್ತಿತ್ತು. ಇಲ್ಲಿ ಡಾಕ್ಟರ ಭೇಟಿಗೆ ಟರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಸಿಗುವುದೇ ಕಷ್ಟ, ಸಿಕ್ಕರೂ ಚಹಾ ಕುಡಿದು ಮಲಗು ಎನ್ನುತ್ತಾರೆ ಎಂದು ನಮ್ಮವರೆಲ್ಲ ದೂರುತ್ತಿದ್ದರು. ಹಾಗೆ ದೂರಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು. ದೊಡ್ಡ ದೊಡ್ಡ ಇಂಜಿನಿಯರುಗಳು ನನ್ನೆದುರು ಬಾಯಿ ಕಳೆದು ಗಂಟಲು ತೋರಿಸುತ್ತಿದ್ದರು. ಎಂಥ ಸೊಕ್ಕು ನನಗೆ! ತಂದದ್ದು ಎಲ್ಲರಿಗೂ ಸಾಲಬೇಕಲ್ಲ ಎಂದು, ಊರಿನ ಅಂಗಡಿಯಲ್ಲಿ ಮಾಡುತ್ತಿದ್ದಂತೆಯೇ ಸ್ಟ್ರಿಪ್ ಕತ್ತರಿಸಿ ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಮೂರು ಕೊಡುತ್ತಿದ್ದೆ. ಪೂರ್ತಿ ಕೋರ್ಸ್ ಯಾರಿಗೂ ಕೊಟ್ಟವನಲ್ಲ.

ಒಮ್ಮೆ ಆ ಮಗಳು ನನ್ನ ಕೈಯ ಕತ್ತರಿ ಕಂಡು ಎದುರು ಕೂತಳು. "ಅಂಕಲ್, ಈ ಗುಳಿಗಿ ಬ್ಯಾಕ್ಟೀರಿಯಾದ ಡಿಎನ್‌ಎ ಮುರೀತದ. ಪೂರಾ ಮುರದ್ರ ಅದು ಸಾಯ್ತದ. ಅರ್ಧಾ ಮುರದು ಬಿಟ್ರ ಗಾಬರಿ ಬೀಳ್ತದ, ಒಳಗ ಅಲಾರಾಂ ಹೊಡಕೋತದ, ಬೆಳೆಯೋದು ನಿಲ್ಲಿಸಿ ಗಡಿಬಿಡಿಲೆ ರಿಪೇರಿ ಮಾಡ್ಕೋತದ. ಗಡಿಬಿಡಿ ಕೆಲಸ ನೋಡ್ರಿ, ತಪ್ಪು ಉಳೀತಾವು. ಆ ತಪ್ಪಿನಾಗ ಒಂದೇ ಒಂದು ಅದಕ್ಕ ಲಾಭ ಆತಂದ್ರ ಮುಗೀತು. ಮುಂದ ಈ ಗುಳಿಗಿ ಅದಕ್ಕ ಪೆಪ್ಪರ್‌ಮಿಂಟು."

"ನಿನ್ನವು ಜರ್ಮನಿ ಹುಳಾ ಬೇಟಿ, ಕಾನೂನು ಮಾತಾಡ್ತಾವು. ಹುಬ್ಬಳ್ಳಿ ಗುಳಿಗಿ ಮುಂದ ಅವುಗಳ ಆಟ ನಡಿಯಂಗಿಲ್ಲ," ಎಂದೆ. ತಾಯಿ ಸೆರಗು ಬಾಯಿಗಿಟ್ಟು ನಕ್ಕಳು. ಮಗಳು ನಗಲಿಲ್ಲ.

ಮುಂದಿನ ಚಳಿಗಾಲದಲ್ಲಿ ತಾಯಿ ಬೆಂಚಿನ ಮೇಲೆ ಮುಖ ಕಿವುಚಿಕೊಂಡು ಕೂತಿದ್ದಳು. "ಅಣ್ಣಾರ, ಒಂದಕ್ಕ ಹೋದ್ರ ಉರೀತೈತ್ರಿ." ಇಲ್ಲಿ ಡಾಕ್ಟರ ಬಳಿ ಹೋದರೆ ಮಗಳೇ ಕೂತು ಅದನ್ನೆಲ್ಲ ಜರ್ಮನ್‌ನಲ್ಲಿ ಹೇಳಬೇಕು. ಅದಕ್ಕೆ ನಾಚಿಕೆ. ಮೆಡಿಕಲ್ ಶಾಪಿನವನ ಮುಂದೆ ನಮ್ಮ ಕಡೆ ಹೆಂಗಸರಿಗೆ ಆ ನಾಚಿಕೆ ಇಲ್ಲ, ದನಿ ತಗ್ಗಿಸಿ ಹೇಳಿಬಿಡುತ್ತಾರೆ. "ಅಕಿಗೆ ಹೇಳಬ್ಯಾಡ್ರಿ. ನೀವ ಎರಡು ಗುಳಿಗಿ ಕೊಡ್ರಿ, ಸಾಕು." ಕೊಟ್ಟೆ. ಉರಿ ನಿಂತಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಆ ಚಳಿಗಾಲವೆಲ್ಲ ಹೀಗೇ...

ಒಂದು ಬೆಳಿಗ್ಗೆ ಆಕೆ ಜ್ವರದಿಂದ ಗಡಗಡ ನಡುಗುತ್ತಿದ್ದಳು. ಆಂಬುಲೆನ್ಸ್ ಬಂತು, ನಾನೂ ಹೋದೆ. ಆಸ್ಪತ್ರೆಯಲ್ಲಿ ಡಾಕ್ಟರು ಮಗಳನ್ನು ಏನೋ ಕೇಳಿದರು. ಅದರಲ್ಲಿ ನನಗೆ ತಿಳಿದದ್ದು 'ಆಂಟಿಬಯೋಟಿಕಾ' ಎಂಬ ಒಂದೇ ಪದ. ಆದರೆ ಔಷಧ ಮಾರಿದವನಿಗೆ ಆ ಪ್ರಶ್ನೆ ಯಾವ ಭಾಷೆಯಲ್ಲೂ ತಿಳಿಯುತ್ತದೆ. ಈಚೆಗೆ ಏನಾದರೂ ಕೊಟ್ಟಿದ್ದೀರಾ? ಮಗಳು "ನೈನ್" ಎಂದಳು. ಇಲ್ಲ. ಅನುಮಾನವೇ ಇಲ್ಲದ ದನಿ. ಆಕೆಗೆ ಕೊಡಲೆಂದು ಕತ್ತರಿಸಿದ್ದ ತುಂಡು ಆಗ ನನ್ನ ಕೋಟಿನ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಮಾತೇ ಬೇಕಿರಲಿಲ್ಲ. ಸ್ಟ್ರೆಚರಿನ ಮೇಲಿಂದ ಆಕೆ ನನ್ನತ್ತ ನೋಡಿದಳು. ಹೇಳು ಎಂದೋ, ಬೇಡ ಎಂದೋ... ಬೇಡ ಎಂದೇ ತಿಳಿದುಕೊಂಡೆ. ನನಗೆ ಅನುಕೂಲವಾಗಿದ್ದು ಅದು.

ಆ 'ಇಲ್ಲ'ವನ್ನು ನಂಬಿ ಅವರು ನನ್ನ ಮಾತ್ರೆಯ ಜಾತಿಯದೇ ಔಷಧವನ್ನು ರಕ್ತಕ್ಕೆ ಬಿಟ್ಟರು. ಈ ಬ್ಯಾಕ್ಟೀರಿಯಾಕ್ಕೆ ಅದು ತಾಗುವುದೇ ಇಲ್ಲ ಎಂದು ಲ್ಯಾಬ್ ರಿಪೋರ್ಟ್ ಬಂದು, ಔಷಧ ಬದಲಿಸುವಷ್ಟರಲ್ಲಿ ನಂಜು ಮೈಯೆಲ್ಲ ಏರಿತ್ತು. ಆಕೆ ಮನೆಗೆ ಮರಳಲಿಲ್ಲ.

ಮಣ್ಣು ಕೊಡುವ ದಿನ ಬಂದವರೆಲ್ಲ ದೇವರ ಇಚ್ಛೆ ಎಂದರು. ದೇವರ ಕೈಯಲ್ಲಿ ಕತ್ತರಿ ಇರಲಿಲ್ಲ. ಹಾಗೆಂದು ಅಲ್ಲೇ ಕೂಗಬೇಕಿತ್ತು, ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಆ ಹುಳ ಮೊದಲೇ ಆಕೆಯ ಹೊಟ್ಟೆಯಲ್ಲಿತ್ತೇನೋ, ನಿಮ್ಮಿಂದಲೇ ಎಂದು ಹೇಗೆ ಹೇಳುವುದಪ್ಪಾ ಎಂದು ನನ್ನ ಮಗಳು ಈಗ ಸಮಾಧಾನ ಹೇಳುತ್ತಾಳೆ. ಕೇಳಿದರೆ ಮೈ ಉರಿಯುತ್ತದೆ. ಹುಳಕ್ಕೆ ಜೀವ ಉಳಿಸಿಕೊಳ್ಳುವ ಗಾಬರಿ ಇತ್ತು. ನನಗಿದ್ದದ್ದು ಮರ್ಯಾದೆ ಉಳಿಸಿಕೊಳ್ಳುವ ಗಾಬರಿ.

ಸಿಟ್ಟು ನನ್ನೊಬ್ಬನ ಮೇಲಲ್ಲ. ಮೊನ್ನೆ ಪಕ್ಕದ ಬೀದಿಯ ಬೆಂಗಳೂರಿನ ಹುಡುಗ ಬಂದಿದ್ದ. "ಅಂಕಲ್, ಥ್ರೋಟ್ ಫುಲ್ ಹೋಗಿದೆ, ವೀಕೆಂಡ್ ಟ್ರಿಪ್ ಇದೆ. ಸ್ಟ್ರಾಂಗಾಗಿರೋದು ಎರಡು ಕೊಡಿ."

"ಡಾಕ್ಟರ್ ಕಡೆ ಹೋಗು."

"ಅಯ್ಯೋ, ಅವ್ರು ಟೀ ಕುಡಿ ಅಂತಾರೆ ಅಂಕಲ್!"

"ಕುಡಿಯೋ ಮಗನ! ಚಹಾ ಕುಡದು ಯಾರೂ ಸತ್ತಿಲ್ಲ!" ಎಂದು ಬಾಗಿಲು ಬಡಿದೆ. ಅವನು ಇನ್ನೊಬ್ಬರ ಮನೆಗೆ ಹೋಗಿರುತ್ತಾನೆ. ಸೂಟ್‌ಕೇಸುಗಳಿಗೆ ಬರವಿಲ್ಲ ಇಲ್ಲಿ.

ಆಮೇಲೆ ತಂಗಿಯ ಮಗಳಿಗೆ ಫೋನ್ ಮಾಡಿದೆ. ಅವಳು ಈಗ ಹ್ಯಾಂಬರ್ಗ್‌ನಲ್ಲಿದ್ದಾಳೆ. ಹಬ್ಬಕ್ಕೊಮ್ಮೆ ತಪ್ಪದೆ ನನ್ನ ಆರೋಗ್ಯ ವಿಚಾರಿಸುತ್ತಿದ್ದವಳು. ಎಲ್ಲ ಹೇಳಿದೆ. "ಯಾವ ಗುಳಿಗಿ?" ಎಂದಳು. ಹೆಸರು ಹೇಳಿದೆ.

"ಡಾಕ್ಟರ್ ಕೇಳಿದಾಗ ನೀವು ನನ್ನ ಬಾಜೂಕ ನಿಂತಿದ್ರಿ."

"ಹೌದು ಬೇಟಿ."

"ಇಲ್ಲ ಅಂದಾಕಿ ನಾನು ಅಂಕಲ್. ನಿಮ್ಮ ಸುಳ್ಳು ನನ್ನ ಬಾಯಿಲೆ ಹೇಳಿಸಿದ್ರಿ." ಫೋನ್ ಇಟ್ಟಳು.

ಹೇಳಿದರೆ ಹಗುರಾದೇನು ಎಂದುಕೊಂಡಿದ್ದೆ. ತಾಯಿಯನ್ನು ಕಳೆದುಕೊಂಡ ದುಃಖವೊಂದೇ ಇದ್ದವಳಿಗೆ ಈಗ ಅವಳದೇ ಬಾಯಿಂದ ಬಂದ ಆ ಒಂದು ಪದವೂ ಸೇರಿತು. ಅದನ್ನೂ ನಾನೇ ಕೊಟ್ಟೆ.