ಉಪ್ಪಿಲ್ಲದ ಎಡೆ

ಮಗಳ ಮುಖ ಊದಿದ್ದನ್ನು ಕಂಡು, ಮೈ ತುಂಬಿಕೊಂಡಿದ್ದಾಳೆ ಎಂದು ಹಿಗ್ಗಿದವಳು ನಾನು. ಕುಷ್ಟಗಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಗಿರಿಜವ್ವ. ಹೋದ ವರ್ಷ ಶ್ರಾವಣದಲ್ಲಿ, ಪಿಯುಸಿ ಓದುವ ನನ್ನ ರೇಣುಕಾಳ ಕಾಲಿಗೂ ಬಾವು ಇಳಿದು, ಮೂತ್ರದಲ್ಲಿ ನೊರೆ ಕಾಣಿಸಿದಾಗ ಇದು ರೋಗವೆಂದು ಗೊತ್ತಾಯಿತು. "ತಾಯಿ ದ್ಯಾಮವ್ವ, ನನ್ನ ಮಗಳಿಗೆ ಶಕ್ತಿ ಕೊಡು" ಎಂದು ದಿನಾ ಬೇಡಿಕೊಂಡೆ. ಶಕ್ತಿ ಬರಲೆಂದು ಯಾರೋ ಹೇಳಿದ ಕಷಾಯವನ್ನೂ ಕುಡಿಸಿದೆ.

ಬಾವು ಏರುತ್ತಲೇ ಹೋಯಿತು. ತನ್ನ ಚಪ್ಪಲಿ ಕಾಲಿಗೆ ಹಿಡಿಯದ್ದಕ್ಕೆ ಅವಳಪ್ಪನ ಚಪ್ಪಲಿ ಹಾಕಿಸಿ ಕೊಪ್ಪಳದ ಬಸ್ಸು ಹತ್ತಿಸಿದೆ. ಆಸ್ಪತ್ರೆಯಲ್ಲಿ ಮೂತ್ರಪಿಂಡದ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿದರು. ಶಕ್ತಿಗೆಂದು ಕಷಾಯ ಕುಡಿಸಿದ್ದನ್ನು ಕೇಳಿ ತಿಳಿದ ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ರಕ್ತದಾಗಿನ ಬಿಳಿ ಕಣ ಅಂದ್ರ ನಮ್ಮನ್ನ ಕಾಯೋವು. ರೋಗ ಬಂದ್ರ ಅವ ಹೋರಾಡ್ತಾವ. ನಿಮ್ಮ ಹುಡುಗಿ ಮೈಯಾಗ ಅವು ತಮ್ಮ ಮನಿ ಗುರ್ತಾ ಮರತು, ಮೂತ್ರಪಿಂಡಕ್ಕ ಬಡ್ಯಾಕ ಹತ್ಯಾವ. ಶಕ್ತಿ ಕಡಿಮಿ ಆಗಿಲ್ಲರಿ, ಹೆಚ್ಚಾಗೇತಿ! ಆ ಕಷಾಯ ನಿಲ್ಲಸ್ರಿ, ಉಪ್ಪು ಕಡಿಮಿ ಮಾಡ್ರಿ. ಅವನ್ನ ತಣ್ಣಗ ಮಾಡೋ ಗುಳಿಗಿ ಕೊಡ್ತೀನಿ. ತಡಾ ಮಾಡಿದ್ರ ಮೂತ್ರಪಿಂಡ ಉಳ್ಯಾಂಗಿಲ್ಲ."

ಮಗಳ ಶಕ್ತಿ ಕುಗ್ಗಿಸುವ ಗುಳಿಗೆಯನ್ನು ತಾಯಿಯಾದವಳು ಹೇಗೆ ನುಂಗಿಸಲಿ? ಮನೆಗೆ ಬಂದು ಪೊಟ್ಟಣವನ್ನು ದೇವರ ಮುಂದಿಟ್ಟು ಅಳುತ್ತ ಕುಳಿತೆ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆ ನೀಲವ್ವ ಎಲ್ಲ ಕೇಳಿಸಿಕೊಂಡು ಗದರಿದಳು.

"ದ್ಯಾಮವ್ವ ಊರು ಕಾಯಾಕಿ ಹೌದಿಲ್ಲೋ? ಆಕಿಗೆ ಸಿಟ್ಟು ಏರಿದಾಗ, ಇನ್ನಷ್ಟು ಏರ್ಲಿ ಅಂತ ಬೇಡ್ಕೋತೀಯೇನು? ಮೊಸರನ್ನದ ಎಡಿ ಹಿಡದು ತಣ್ಣಗ ಮಾಡ್ತೀವಿ. ಈ ಬಿಳಿ ಕಣಾನೂ ಕಾಯೋವ ಅದಾವ. ತಣ್ಣಗ ಮಾಡವಾ, ಕೊಡು ಗುಳಿಗಿ!"

ಅತ್ತೆಯ ಬಾಯಲ್ಲಿ ಆ ಮಾತು ಆಡಿಸಿದವಳು ದ್ಯಾಮವ್ವ ತಾಯಿಯೇ. ಇಷ್ಟು ದಿನ ನಾನು ಉಲ್ಟಾ ಬೇಡಿಕೊಂಡಿದ್ದೆ. ಬೇಡಿದ್ದನ್ನೆಲ್ಲ ಕೊಡದಿರುವುದೂ ಅವಳ ಕೃಪೆಯೇ ಎಂದು ಅಂದು ತಿಳಿಯಿತು.

ಅಂದೇ ಗುಳಿಗೆ ಶುರುವಾಯಿತು. ತಿಂಗಳುಗಟ್ಟಲೆ ಕೊಪ್ಪಳಕ್ಕೆ ಓಡಾಡಿದೆವು. ಮೊದಲು ಬಾವು ಇಳಿಯಿತು, ಆಮೇಲೆ ನಿಧಾನವಾಗಿ ನೊರೆ. "ಮೂತ್ರಪಿಂಡ ಉಳೀತ್ರಿ. ಗುಳಿಗಿ ಮಾತ್ರ ನಾ ಹೇಳೋತನಕ ಬಿಡಬ್ಯಾಡ್ರಿ" ಎಂದ ಡಾಕ್ಟರಮ್ಮನ ಕೈಗಳನ್ನು ಕಣ್ಣಿಗೊತ್ತಿಕೊಂಡೆ. ಆ ಬಿಳಿ ಕಣಗಳ ಮೇಲೂ ನನಗೆ ಸಿಟ್ಟಿಲ್ಲ. ಹುಟ್ಟಿದಾಗಿನಿಂದ ನನ್ನ ಮಗಳನ್ನು ಕಾಯ್ದವು ಅವೇ ಅಲ್ಲವೇ?

ಮೊನ್ನೆ ಮೊಸರನ್ನದ ಎಡೆ ಹಿಡಿದು ಗುಡಿಗೆ ಹೋದೆವು. ರೇಣುಕಾ ತನ್ನದೇ ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ನೈವೇದ್ಯವಾದ ಮೇಲೆ ಪೂಜಾರಿ ಅಜ್ಜ ಒಂದು ತುತ್ತು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು.

"ಉಪ್ಪ ಹಾಕೋದ ಮರ್ತಿಯೇನವಾ, ಗಿರಿಜವ್ವ?"

"ಮರತಿಲ್ಲ ಅಜ್ಜಾರ. ತಾಯಿ ಉಂಡಿದ್ದನ್ನ ನನ್ನ ಮಗಳೂ ಉಣ್ಣಬೇಕಲ್ರಿ."

ಅಜ್ಜ ಎಡೆಯ ಬಟ್ಟಲನ್ನು ರೇಣುಕಾಳ ಮುಂದಿಟ್ಟರು. ಅವಳು ಒಂದಗುಳೂ ಬಿಡದೆ ಉಂಡಳು.