ಒಳಗಿನ ಕೋಣೆಯೇ ಬೇಕೆಂದ ಚಿಕ್ಕತ್ತಿಗೆ

ನಮ್ಮ ಚಿಕ್ಕತ್ತಿಗೆಯ ಕಾಲಿನ ಅಳತೆ ಐದು. ಮೂವತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಕೂತವನಿಗೆ ಅಷ್ಟೂ ತಿಳಿಯದೆ? ಆದರೂ ಅವರು ಕೇಳುವುದು ಆರು ನಂಬರು, ಏಕೆಂದರೆ ದೊಡ್ಡತ್ತಿಗೆಯದು ಆರು. ತುದಿಗೆ ಹತ್ತಿ ತುರುಕಿಕೊಂಡಾದರೂ ನಡೆದಾರು, ಒಂದು ನಂಬರು ಕೆಳಗಿಳಿಯುವವರಲ್ಲ. ಚಿಕ್ಕತ್ತಿಗೆಯೆಂಬ ಮಾಲು ಗಟ್ಟಿ, ಬಾಳಿಕೆ ಬರುವಂಥದ್ದು. ಹೊಟ್ಟೆಕಿಚ್ಚಿನ ಮೊಳೆಯೊಂದು ಮಾತ್ರ ಒಳಗಿನಿಂದ ಚುಚ್ಚುತ್ತಿರುತ್ತದೆ.

ಅವರ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ರೋಗಿಗಳ ಹಳೆಯ ಫೈಲುಗಳ ನಡುವೆ. ಇಪ್ಪತ್ತೆರಡು ವರ್ಷದಿಂದ ಟ್ಯೂಬ್‌ಲೈಟೇ ಅವರ ಸೂರ್ಯ. ಹೊರಗೆ ಮಳೆಯೋ ಬಿಸಿಲೋ ಎಂಬುದು ಫೈಲು ಕೇಳಲು ಬಂದ ನರ್ಸಿನ ಒದ್ದೆ ಕೊಡೆ ನೋಡಿ ತಿಳಿಯಬೇಕು. ದೊಡ್ಡತ್ತಿಗೆಯೋ ಮನೆಯಲ್ಲೇ ಕೂತು ಸಂಗೀತ ಹೇಳಿಕೊಡುತ್ತಾ, ಕಿಟಕಿಯಿಂದಲೇ ಇಡೀ ಬೀದಿಯನ್ನು ಆಳುತ್ತಾರೆ.

ಮಾರಾಟ ಚೆನ್ನಾಗಿ ಆಯಿತೆಂದು ಚಪ್ಪಲಿ ಕಂಪನಿಯವರು ನನಗೊಂದು ಹಡಗಿನ ಪ್ರವಾಸ ಕೊಟ್ಟರು. ಐದು ದಿನ, ಎರಡು ಕೋಣೆ: ಒಂದು ಒಳಗಿನದು, ಒಂದು ಹೊರಗಿನದು. ದೋಣಿ ಕಂಡರೇ ವಾಂತಿಯಾಗುವ ನನಗದು ಯಾವ ಸುಖಕ್ಕೆ? ಅಣ್ಣಂದಿರಿಬ್ಬರೂ ಅತ್ತಿಗೆಯರೊಂದಿಗೆ ಹೋಗಿಬರಲಿ ಎಂದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಸಮುದ್ರ ನೋಡಬೇಕೆಂದು ಚಿಕ್ಕತ್ತಿಗೆ ಮಾರನೇ ದಿನವೇ ದುರ್ಬೀನು ಕೊಂಡರು.

ಅರ್ಜಿ ತುಂಬುವಾಗ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದರು.

"ಹೊರಗಿನದು ಅಂದ್ರೇನೋ?"

"ಹೊರಗಡೆ ಇರೋದು, ಅತ್ತಿಗೆ."

ಸುಳ್ಳೇನಲ್ಲ. ಆದರೆ ಆ ಮಾತು ಹೋಗಿ ತಾಗಿದ್ದೇ ಬೇರೆ ಕಡೆ. ಮನೆ ತುಂಬ ನೆಂಟರು ಬಂದಾಗಲೆಲ್ಲ ವರಾಂಡದಲ್ಲಿ ಚಾಪೆ ಹಾಸಿಕೊಂಡವರು ಕಿರಿಯ ಸೊಸೆಯಾದ ಇವರೇ. ಮದುವೆಯಾದ ಹೊಸದರಲ್ಲಿ ದೊಡ್ಡತ್ತಿಗೆ ಯಾರಿಗೋ "ಅವಳಿನ್ನೂ ಹೊರಗಿನವಳು" ಎಂದದ್ದು ಇವರ ಕಿವಿಯಿಂದ ಇಳಿದೇ ಇರಲಿಲ್ಲ.

"ನಮಗೆ ಒಳಗಿನದೇ ಬೇಕು," ಎಂದು ಎಲ್ಲರೆದುರು ಸಾರಿದರು. "ಈ ಸಲ ಅಕ್ಕ ಹೊರಗೆ ಮಲಗಲಿ."

"ಸ್ವಲ್ಪ ವಿಚಾರಿಸೇ," ಎಂದ ಚಿಕ್ಕಣ್ಣ.

"ನೀವು ಸುಮ್ನಿರಿ. ಬಿಟ್ಟುಕೊಟ್ಟು ಬಿಟ್ಟುಕೊಟ್ಟೇ ಇಲ್ಲಿಗೆ ಬಂದಿದ್ದೀವಿ."

"ತಗೊಳ್ಳೇ ತಾಯಿ," ದೊಡ್ಡತ್ತಿಗೆ ನಕ್ಕರು. "ನಂಗೆ ಎಲ್ಲಿ ಬಿದ್ಕೊಂಡ್ರೂ ನಿದ್ದೆ."

ಗಿರಾಕಿ ಬಾಯಿಬಿಟ್ಟು ಕೇಳಿದ ಮೇಲೆ ವ್ಯಾಪಾರಿ ಮಾತಾಡಬಾರದು. ನಾನು ಒಳಗೊಳಗೇ ನಗುತ್ತಾ ಬರೆದುಕೊಂಡೆ.

ಮುಂದಿನದು ಚಿಕ್ಕಣ್ಣ ಹೇಳಿದ್ದು. ಕೋಣೆ ಥಳಥಳ ಅನ್ನುತ್ತಿತ್ತು, ಹಾಸಿಗೆ ಹೂವಿನಂತಿತ್ತು. ಚಿಕ್ಕತ್ತಿಗೆ ಚೀಲ ಇಳಿಸುವ ಮೊದಲೇ ಹೋಗಿ ಪರದೆ ಸರಿಸಿದರು. ಅದರ ಹಿಂದೆ ಇದ್ದದ್ದು ಕನ್ನಡಿ. ಕೊರಳಲ್ಲಿ ದುರ್ಬೀನು ನೇತುಹಾಕಿಕೊಂಡ ಹೆಂಗಸೊಬ್ಬಳು ಅದರೊಳಗಿಂದ ಇವರನ್ನೇ ನೋಡುತ್ತಿದ್ದಳು.

ಎದುರು ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಗೋಡೆಯಗಲದ ಕಿಟಕಿ, ಕಿಟಕಿ ತುಂಬ ನೀಲಿ.

"ಬಾರೇ, ಇಲ್ಲೇ ಕೂತ್ಕೊಂಡು ನೋಡು," ಎಂದರು ದೊಡ್ಡತ್ತಿಗೆ.

"ಬೇಡಕ್ಕ. ಅಲೆ ಕಂಡ್ರೆ ನಂಗೆ ತಲೆ ಸುತ್ತುತ್ತೆ."

ಆಡಿದ ಮಾತು ಕಾಲಿಗೆ ಸುತ್ತಿಕೊಂಡಿತು. ತಲೆ ಸುತ್ತುವವರು ಹಡಗಿನ ಮೇಲಿನ ಡೆಕ್ಕಿಗೆ ಹೋಗಿ ನಿಲ್ಲುವುದು ಹೇಗೆ? ದೊಡ್ಡತ್ತಿಗೆ ಮಧ್ಯಾಹ್ನ ಮಲಗಿದ್ದು ಖಾತ್ರಿಯಾದ ಮೇಲೆ ಕಳ್ಳರಂತೆ ಮೆಟ್ಟಿಲು ಹತ್ತಿ, ಹತ್ತು ನಿಮಿಷ ಸಮುದ್ರ ನೋಡಿ ಇಳಿದುಬಿಡುತ್ತಿದ್ದರಂತೆ. ಐದು ದಿನವೂ ಇಷ್ಟೇ. ಎದುರು ಕೋಣೆಗೆ ಒಮ್ಮೆಯೂ ಕಾಲಿಡಲಿಲ್ಲ.

ಊರಿಗೆ ಮರಳಿದ ಮೇಲೆ ಚಿಕ್ಕತ್ತಿಗೆ ಅಂಗಡಿಗೆ ಬಂದರು. "ಹೇಗಿತ್ತು ಅತ್ತಿಗೆ?" ಎಂದೆ.

"ನಮ್ಮ ಆಸ್ಪತ್ರೆ ಥರಾನೇ. ದೀಪ ಹಾಕಿದ್ರೆ ಹಗಲು, ಆರಿಸಿದ್ರೆ ರಾತ್ರಿ." ಆಮೇಲೆ ಕೇಳಿದರು: "ನಿಂಗೆ ಗೊತ್ತಿತ್ತು, ಅಲ್ವೇನೋ?"

ನಾನು ಡಬ್ಬಿಗಳನ್ನು ಜೋಡಿಸತೊಡಗಿದೆ.

ಗೊತ್ತಿತ್ತು. "ಒಳಗಿನದಕ್ಕೆ ಕಿಟಕಿ ಇಲ್ಲ, ಅತ್ತಿಗೆ" ಎಂಬ ಒಂದು ಮಾತನ್ನು ಆ ದಿನ ನಾನು ಅವರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಅವರೆದುರು ತಪ್ಪೊಪ್ಪಿಕೊಳ್ಳುವುದು ಇನ್ನೂ ಬಾಕಿ ಇದೆ.