ಹಲ್ಲಿನ ಡಾಕ್ಟರ ತೊಟ್ಟಿಗೆ ಬಂದ ನೇರಳೆ

ಉಪ್ಪುನೀರಿನ ಮೀನಿನ ತೊಟ್ಟಿಯೆಂದರೆ ನಮ್ಮ ಅತ್ತಿಗೆಗೆ ಹುಚ್ಚು. ಮೀನಿನ ಅಂಗಡಿಯಲ್ಲಿ ಹದಿನೆಂಟು ವರ್ಷ ದುಡಿದರೂ ಮಾಲೀಕ ಅವರನ್ನು ಸಿಹಿನೀರಿನ ತೊಟ್ಟಿಗಳಿಂದ ಆಚೆ ಬಿಟ್ಟಿರಲಿಲ್ಲ. 'ಉಪ್ಪುನೀರು ನಿನ್ನ ಕೈಗೆ ಒಗ್ಗಲ್ಲಮ್ಮ' ಎನ್ನುವುದು ಅವನ ಪಲ್ಲವಿ. ಒಂದು ದಿನ ಅತ್ತಿಗೆ ಬಲೆ, ಬಕೆಟ್ಟು ಅವನ ಮುಂದಿಟ್ಟು ಹೊರಬಂದರು. ಸ್ವಂತವಾಗಿ ಅವರಿಗೆ ಸಿಕ್ಕ ಮೊದಲ ಉಪ್ಪುನೀರಿನ ತೊಟ್ಟಿ, ನಾನು ಚೀಟಿ ಬರೆಯುವ ಹಲ್ಲಿನ ಕ್ಲಿನಿಕ್ಕಿನದು. ಶಿಫಾರಸು ನನ್ನದೇ. ಹಾಗಾಗಿ ಅವರ ಮಾನದ ಜೊತೆ ನನ್ನದೂ ಆ ನೀರಿನಲ್ಲಿತ್ತು.

ಡಾಕ್ಟರು ಒಂದು ಫೋಟೋ ತೋರಿಸಿದ್ದರು: ಕಲ್ಲುಗಳ ಮೇಲೆಲ್ಲ ನೇರಳೆ, ಗುಲಾಬಿ ಲೇಪ. ಅದು ಬಳಿದ ಬಣ್ಣವಲ್ಲ, ಕಲ್ಲಿನಷ್ಟೇ ಗಟ್ಟಿಯಾಗಿ ಬೆಳೆಯುವ ಒಂದು ಪಾಚಿ. ನಮ್ಮ ಹೊಸ ತೊಟ್ಟಿಯ ಕಲ್ಲುಗಳೋ ಸುಣ್ಣದ ಬಿಳುಪು.

"ಆರು ತಿಂಗಳಲ್ಲಿ ಹೀಗಾಗ್ಬೇಕು. ಆಗ್ಲಿಲ್ಲ ಅಂದ್ರೆ ಪ್ಲಾಸ್ಟಿಕ್ ಕಲ್ಲು ಹಾಕಿಸ್ತೀನಿ, ನೀವು ಬರೋದು ಬೇಡ."

"ಆಗತ್ತೆ ಸಾರ್" ಎಂದರು ಅತ್ತಿಗೆ, ಬಸ್ಸು ಬರುತ್ತದೆ ಎನ್ನುವಷ್ಟು ನಿರಾಳವಾಗಿ.

ಯಾರದೋ ಹಳೆಯ ತೊಟ್ಟಿಯಿಂದ ನೇರಳೆ ಹತ್ತಿದ ಮುಷ್ಟಿಗಾತ್ರದ ಕಲ್ಲು ತಂದು ಬಿತ್ತನೆಗೆಂದು ನಡುವೆ ಇಟ್ಟರು. ವಾರಕ್ಕೆರಡು ಸಲ ಬಂದು, ಪುಟ್ಟ ಕೊಳವೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಬಿಟ್ಟು ಆ ಪಾಚಿ ಗಟ್ಟಿಯಾಗಲು ಬೇಕಾದ ಸುಣ್ಣದಂಶ ಪರೀಕ್ಷಿಸುತ್ತಿದ್ದರು. ನೀರು ಆರಿದಷ್ಟೂ ಸಿಹಿನೀರೇ ತುಂಬಬೇಕು, ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ ಎಂದು ನನಗೆ ಪಾಠ ಬೇರೆ. ಮೊದಲು ಕಂದು ಧೂಳು ಕಟ್ಟಿತು, ಆಮೇಲೆ ಕೂದಲಿನಂಥ ಹಸಿರು ಪಾಚಿ. ಹಲ್ಲುನೋವಿನವರೂ ನೋವು ಮರೆತು ಮೂಗು ಮುರಿದರು. ಮೂರು ತಿಂಗಳು ಕಳೆದ ಮೇಲೆ ಗಾಜಿನ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಹತ್ತು ಹನ್ನೆರಡು ನೇರಳೆ ಚುಕ್ಕೆಗಳು! ಅತ್ತಿಗೆ ಆ ಗಾಜು ಒರೆಸುವುದನ್ನೇ ಬಿಟ್ಟರು. ಯಾರೂ ಮುಟ್ಟದ ಹಾಗೆ ಎಲ್ಲರಿಗೂ ಹೇಳು ಎಂದರು. ನರ್ಸಮ್ಮನಿಗೆ ಹೇಳಲು ನಾನು ಮರೆತೆ.

ಹಲ್ಲಿಗೆ ಕಟ್ಟಿದ ಗಾರೆ ಕೆರೆದು ತೆಗೆಯುವುದರಲ್ಲೇ ನರ್ಸಮ್ಮ ಇಪ್ಪತ್ತು ವರ್ಷ ಕಳೆದವರು. ಗಟ್ಟಿಯಾಗಿ ಅಂಟಿಕೊಂಡದ್ದು ಏನೇ ಕಂಡರೂ ಅವರ ಕೈ ಸುಮ್ಮನಿರುವುದಿಲ್ಲ. ಒಂದು ಸೋಮವಾರ ಅತ್ತಿಗೆ ಬಂದು ನೋಡಿದರೆ ಗಾಜು ಫಳಫಳ.

"ಯಾರು ತೆಗ್ದಿದ್ದು?"

"ನಾನೇ" ಎಂದು ನರ್ಸಮ್ಮ ಹೆಮ್ಮೆಯಿಂದ ಹಲ್ಲು ಕೆರೆಯುವ ಹಳೆಯ ಕೊಕ್ಕೆ ತೋರಿಸಿದರು. "ಎಂಥಾ ಗಾರೆ ಕಟ್ಟಿತ್ತು ಅಂತೀರಿ! ಹಲ್ಲಾಗಿದ್ರೆ ಒಸಡೇ ಹೋಗಿರೋದು."

ಅತ್ತಿಗೆಯ ಮುಖ ಕೆಂಡವಾಯಿತು. ಬೈಯಲು ಬಾಯಿ ತೆರೆದವರು ತಡೆದು ಕೇಳಿದರು: "ಕೆರೆಯೋವಾಗ ಪಂಪ್ ಓಡ್ತಿತ್ತಾ?"

"ಓಡ್ತಿತ್ತು. ಪುಡಿಯೆಲ್ಲಾ ತೊಟ್ಟಿ ತುಂಬಾ ಹಾರಾಡ್ತು."

ಅತ್ತಿಗೆ ಸ್ಟೂಲಿನ ಮೇಲೆ ಕುಸಿದು ನಗತೊಡಗಿದರು. "ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾ ಕೂತಿದ್ನಲ್ಲಾ, ನಾನೇ ಪೆದ್ದಿ! ಆ ಪುಡಿ ಹಾರಿದ್ರೆ ತಾನೇ ಕಲ್ಲಿಗೆ ಹತ್ತೋದು? ಗಾಜಿಗೆ ಅದು ಮತ್ತೆ ಬರತ್ತೆ ಅಕ್ಕಾ. ಬಂದಾಗೆಲ್ಲಾ ಶನಿವಾರ ಕೆರೆದುಬಿಡಿ. ಕೊಕ್ಕೆ ಮಾತ್ರ ಚೆನ್ನಾಗಿ ತೊಳೆದು ಹಾಕಿ."

ಆರನೆಯ ತಿಂಗಳ ಕೊನೆಯ ದಿನ ಡಾಕ್ಟರು ಪ್ಲಾಸ್ಟಿಕ್ ಕಲ್ಲಿನ ಪೆಟ್ಟಿಗೆ ಹಿಡಿದೇ ಬಂದು ತೊಟ್ಟಿಯ ಮುಂದೆ ಬಗ್ಗಿದರು. ಬಿಳಿ ಕಲ್ಲುಗಳ ಮೇಲೆಲ್ಲ ಉಗುರಗಲದ ನೇರಳೆ ಬೊಟ್ಟುಗಳು, ಕೆಲವು ಆಗಲೇ ಒಂದಕ್ಕೊಂದು ಕೂಡಿಕೊಂಡಿದ್ದವು.

"ಭೇಷ್! ಹೇಗೆ ಬೆಳೆಸಿದ್ರಿ?"

ಅತ್ತಿಗೆ ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ನಾನು ಕಣ್ಸನ್ನೆಯನ್ನೂ ಮಾಡಿದೆ. ಕೇಳಬೇಕಲ್ಲ! "ನಿಮ್ಮ ನರ್ಸಮ್ಮ ಹರಡಿದ್ದು ಸಾರ್. ನಾನು ಮುಟ್ಟೋಕೇ ಹೆದರ್ತಿದ್ದೆ."

"ಹಾಗಾದ್ರೆ ನೀವ್ಯಾಕೆ ಬೇಕು ನನಗೆ?" ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ. ಅತ್ತಿಗೆಯ ಬಾಯಿಗೆ ಒಂದು ಉಂಡೆ ಹತ್ತಿ ತುರುಕಬೇಕೆನಿಸಿತು ನನಗೆ.

ಅವರು ಮಾತ್ರ ಕೈ ಒರೆಸಿಕೊಂಡು ನೇರವಾಗಿ ನಿಂತರು. "ಅವ್ರು ಕೆರೆದಿದ್ದು ವಾರಕ್ಕೆ ಹತ್ತು ನಿಮಿಷ ಸಾರ್. ಉಳಿದ ಹೊತ್ತೆಲ್ಲಾ ಅದು ಸಾಯ್ದೇ ಇರೋ ಹಾಗೆ ನೋಡ್ಕೊಂಡಿದ್ದು ನಾನು. ಅದು ಬೇಡ ಅಂದ್ರೆ ಪ್ಲಾಸ್ಟಿಕ್ ಹಾಕಿಸಿ. ಅದಕ್ಕೆ ಯಾರೂ ಬೇಕಾಗಲ್ಲ."

ಇವರು ನನ್ನ ಅತ್ತಿಗೆ ಎಂದು ಕೂಗಿ ಹೇಳುವಷ್ಟು ಹೆಮ್ಮೆಯಾಯಿತು ನನಗೆ, ಹೆದರಿಕೆಯೂ ಅಷ್ಟೇ ಇತ್ತು. ಡಾಕ್ಟರು ಇನ್ನೊಮ್ಮೆ ಬಗ್ಗಿ ಕಲ್ಲು ನೋಡಿದರು. ಆಮೇಲೆ ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಮೇಜಿನಡಿ ತಳ್ಳಿ ಕೇಳಿದರು: "ಸೋಮವಾರ ಎಷ್ಟೊತ್ತಿಗೆ ಬರ್ತೀರಿ?"